ಹಾರುವ ತಟ್ಟೆಯ ದಾರ ಹುಡುಕಿ: ಹಳೆಯ ಕಡಿಮೆ ಬಜೆಟ್ ಸೈನ್ಸ್ ಫಿಕ್ಷನ್ ಸಿನಿಮಾ ನೋಡುವ ಬಗೆ

ನಾವಿರುವುದು ಪುಣೆಯ ವಾರ್ಜೆಯಲ್ಲಿ. ಒಂದೇ ಸೊಸೈಟಿಯಲ್ಲಿ ಐದು ಕನ್ನಡ ಮನೆಗಳಿವೆ. ಧಾರವಾಡದವರು, ಗದಗದವರು, ವಿಜಯಪುರದವರು, ಕಾರವಾರದವರು. ತಿಂಗಳಿಗೊಂದು ಶನಿವಾರ ರಾತ್ರಿ ಎಲ್ಲರೂ ನಮ್ಮ ಹಾಲ್‌ನಲ್ಲಿ ಸೇರಿ ಒಂದು ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾ ನೋಡುತ್ತೇವೆ. ದೊಡ್ಡ ಸ್ಟುಡಿಯೋದ ಸಿನಿಮಾ ಅಲ್ಲ. 1950, 60ರ ದಶಕದಲ್ಲಿ ಸಾಲ ಸೋಲ ಮಾಡಿ, ವಾರದೊಳಗೆ ಶೂಟಿಂಗ್ ಮುಗಿಸಿ, ಕೈಗೆ ಸಿಕ್ಕಿದ್ದನ್ನೇ ರಾಕ್ಷಸ ಮಾಡಿ ನಿಲ್ಲಿಸಿದಂಥವು.

ಮೊದಲ ಸಲ ತೋರಿಸಿದಾಗ ಮಕ್ಕಳೆಲ್ಲ ನಕ್ಕುಬಿಟ್ಟರು. ಪರದೆಯ ಮೇಲೆ ಅನ್ಯಗ್ರಹದವರ ಹಾರುವ ತಟ್ಟೆ ತೂಗಾಡುತ್ತಿತ್ತು, ಅದರ ಮೇಲೆ ದಾರ ಫಳಕ್ಕನೆ ಹೊಳೆಯಿತು. ಆಗ ಗದಗದ ಕಾಕಾ ಕುರ್ಚಿಯಿಂದ ಮುಂದೆ ಬಾಗಿದರು. ಅವರು ಹುಡುಗರಾಗಿದ್ದಾಗ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವರು. "ನಗಬ್ಯಾಡ್ರೋ ತಮ್ಮಾ, ಆ ದಾರ ಹಿಡಿದಾವ ಎಲ್ಲಿ ನಿಂತಾನ, ಅದನ್ನ ಹುಡುಕ್ರಿ" ಅಂದರು. ಎಲ್ಲರೂ ಹುಡುಕಿದೆವು. ಆವತ್ತಿನಿಂದ ನಾವು ಈ ಸಿನಿಮಾಗಳನ್ನು ನೋಡುವ ರೀತಿಯೇ ಬದಲಾಯಿತು. ನಿಮ್ಮ ಮನೆಯಲ್ಲೂ ಹೀಗೆ ಶುರು ಮಾಡುವ ಆಸೆಯಿದ್ದರೆ, ನಾವು ಮಾಡಿ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

1. ಒಂದು ಪ್ರಶ್ನೆ ಇಟ್ಟುಕೊಂಡು ಕೂರಿ

ಇವನ್ನು ಗೇಲಿ ಮಾಡಲಿಕ್ಕೆಂದೇ ನೋಡುವವರು ತುಂಬಾ ಜನ. ನನಗಂತೂ ಅದು ಬೇಗ ಬೇಜಾರಾಯಿತು. ಅರ್ಧ ಗಂಟೆ ನಗಬಹುದು, ಆಮೇಲೇನು? ಅದರ ಬದಲು ಒಂದು ತಪ್ಪು ಕಂಡಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಇದು ದುಡ್ಡಿಲ್ಲದೆ ಆದ ತಪ್ಪೋ, ಮನಸ್ಸಿಲ್ಲದೆ ಆದ ತಪ್ಪೋ?

ಈ ಎರಡಕ್ಕೂ ತುಂಬಾ ದೂರ. ದುಡ್ಡಿಲ್ಲದ್ದನ್ನು ಕ್ಷಮಿಸುವುದು ನಮಗೆ ಹೊಸದೇನೂ ಅಲ್ಲ. ಬಯಲಾಟದಲ್ಲಿ ರಾಜ ರಂಗದ ಮೇಲೆ ಎರಡು ಸುತ್ತು ಹಾಕಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದ ಹಾಗೆ. ಯಾರೂ ರಥ ಎಲ್ಲಿ ಅಂತ ಕೇಳುವುದಿಲ್ಲ. ಇಲ್ಲಿ ಪುಣೆಯಲ್ಲಿ ಗಣಪತಿ ಹಬ್ಬದ ರಾತ್ರಿಗಳಲ್ಲಿ ಪೇಠೆಗಳ ತುಂಬ ದೇಖಾವೆ, ಅಂದರೆ ಮಂಟಪಗಳಲ್ಲಿ ಕಟ್ಟಿದ ಚಲಿಸುವ ಗೊಂಬೆಗಳ ದೃಶ್ಯ, ನೋಡಲು ಜನ ಕಿಕ್ಕಿರಿದಿರುತ್ತಾರೆ. ಮೋಟರ್ ಮೇಲೆ ತಿರುಗುವ ರಾಕ್ಷಸನ ಕೈ ಕಿರ್ ಅನ್ನುತ್ತದೆ, ಹಿಂದಿನ ವೈರ್ ಕಾಣುತ್ತದೆ, ಆದರೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾನೆ. ಅದೇ ಕಣ್ಣನ್ನು ಈ ಸಿನಿಮಾಗಳಿಗೂ ಕೊಡಿ ಅಂತಷ್ಟೇ ನಾನು ಹೇಳುವುದು.

ಮನಸ್ಸಿಲ್ಲದೆ ಮಾಡಿದ್ದು ಮಾತ್ರ ಬೇರೆ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

2. ಯಾವುದು ಮೊದಲು, ಯಾವುದು ಆಮೇಲೆ

ಇಲ್ಲಿ ನಾನೇ ತಪ್ಪು ಮಾಡಿದ್ದೆ. ಒಂದೇ ರಾತ್ರಿ ಮೂರು ಸಿನಿಮಾ ಸಾಲಾಗಿ ಹಾಕಿದೆ, ಎರಡನೆಯದರ ಹೊತ್ತಿಗೆ ಅರ್ಧ ಜನ ನಿದ್ದೆ ಹೋಗಿದ್ದರು. ರಾತ್ರಿಗೆ ಒಂದೇ ಸಾಕು.

ಮೊದಲು 1958ರ 'ದಿ ಬ್ಲಾಬ್' ಹಾಕಿ. ಬಣ್ಣದ ಸಿನಿಮಾ, ಕಥೆ ಸಲೀಸು, ಮಕ್ಕಳಿಗೂ ಹಿಡಿಸುತ್ತದೆ. ಆಕಾಶದಿಂದ ಬಿದ್ದ ಒಂದು ಮುದ್ದೆ ಜನರನ್ನು ನುಂಗುತ್ತ ದೊಡ್ಡದಾಗುತ್ತ ಹೋಗುತ್ತದೆ, ಅಷ್ಟೇ ಕಥೆ. ಆ ಮುದ್ದೆ ಬೇರೇನಲ್ಲ, ಕೆಂಪು ಬಣ್ಣ ಕಲಸಿದ ಸಿಲಿಕೋನ್. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಮೊದಲ ಬಾರಿ ನಾಯಕನಾದದ್ದು ಇದರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಥಿಯೇಟರಿನಿಂದ ಜನ ಕಿರುಚುತ್ತ ಓಡಿ ಬರುವ ದೃಶ್ಯವೊಂದಿದೆ. ಆ ಊರಿನವರು ಈಗಲೂ ವರ್ಷಕ್ಕೊಮ್ಮೆ ಹಬ್ಬ ಮಾಡಿ ಅದೇ ಥಿಯೇಟರಿನಿಂದ ಹಾಗೇ ಓಡುತ್ತಾರೆ. ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆದ ಹಾಗೆ, ಊರೇ ಸೇರುತ್ತದೆ.

ಎರಡನೇ ತಿಂಗಳಿಗೆ 'ರೋಬಾಟ್ ಮಾನ್‌ಸ್ಟರ್', 1953ರದ್ದು. ಭೂಮಿಯನ್ನು ಹಾಳು ಮಾಡಲು ಬಂದ ಅನ್ಯಗ್ರಹದವನಿಗೆ ಮೈಯೆಲ್ಲ ಗೊರಿಲ್ಲಾ ವೇಷ, ತಲೆಗೆ ಮಾತ್ರ ಮುಳುಗುಗಾರರ ಹೆಲ್ಮೆಟ್ಟಿನಂಥದ್ದು. ಯಾಕೆ ಗೊರಿಲ್ಲಾ? ಯಾಕೆಂದರೆ ಜಾರ್ಜ್ ಬ್ಯಾರೋಸ್ ಎಂಬ ನಟನ ಹತ್ತಿರ ಸ್ವಂತದ ಗೊರಿಲ್ಲಾ ವೇಷ ಇತ್ತು. ಹೊಸ ರೋಬಾಟ್ ವೇಷ ಹೊಲಿಸುವಷ್ಟು ದುಡ್ಡಿರಲಿಲ್ಲ. ನಾಲ್ಕು ದಿನದಲ್ಲಿ ಶೂಟಿಂಗ್ ಮುಗಿಸಿದರು, ಅದೂ ತ್ರೀಡಿಯಲ್ಲಿ. ಕಣ್ಣು ಮುಚ್ಚಿಕೊಂಡು ಒಂದು ಸಲ ಇದರ ಸಂಗೀತ ಕೇಳಿ. ಅದು ಎಲ್ಮರ್ ಬರ್ನ್‌ಸ್ಟೀನ್ ಅವರದ್ದು. ಆಮೇಲೆ ಹಾಲಿವುಡ್‌ನ ದೊಡ್ಡ ಸಂಗೀತಗಾರರಲ್ಲಿ ಒಬ್ಬರಾದವರು. ಗೊರಿಲ್ಲಾ ಬೆಟ್ಟ ಹತ್ತಿ ಇಳಿದು ಮಾಡುತ್ತಿದ್ದರೂ ಅವರು ಮಾತ್ರ ಮಹಾಯುದ್ಧಕ್ಕೆ ಬಾರಿಸಿದಂತೆ ಬಾರಿಸಿದ್ದಾರೆ. ಮನಸ್ಸಿಟ್ಟು ಮಾಡುವುದು ಅಂದರೆ ಇದು.

ಮೂರನೆಯದು 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್'. 1980ರಲ್ಲಿ ಒಂದು ಪುಸ್ತಕ ಇದಕ್ಕೆ ಸಾರ್ವಕಾಲಿಕ ಅತಿ ಕೆಟ್ಟ ಸಿನಿಮಾ ಅಂತ ಪಟ್ಟ ಕಟ್ಟಿತು. ನಾನು ಒಪ್ಪುವುದಿಲ್ಲ. ನಿರ್ದೇಶಕ ಎಡ್ ವುಡ್. ಹೆಸರಾಂತ ನಟ ಬೆಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ವುಡ್ ಹತ್ತಿರ ಅವರ ಕೆಲವೇ ನಿಮಿಷದ ರೀಲು ಉಳಿದಿತ್ತು. ಅದನ್ನು ಬಿಸಾಕಲು ಮನಸ್ಸು ಬರಲಿಲ್ಲ. ಅದರ ಸುತ್ತ ಒಂದು ಕಥೆ ಹೆಣೆದು, ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಯ ಬೆನ್ನುಮೂಳೆ ವೈದ್ಯರನ್ನೇ ನಿಲ್ಲಿಸಿದರು. ಅವರು ಲುಗೋಸಿಗಿಂತ ಎತ್ತರ, ಮುಖ ಒಂದಿಷ್ಟೂ ಹೋಲುವುದಿಲ್ಲ. ಅದಕ್ಕೇ ಸಿನಿಮಾ ಪೂರ್ತಿ ಮೇಲಂಗಿಯಿಂದ ಮುಖ ಮುಚ್ಚಿಕೊಂಡು ಓಡಾಡುತ್ತಾರೆ. ಇದನ್ನು ಮೊದಲೇ ತಿಳಿದುಕೊಂಡು ನೋಡಿ. ತೀರಿಹೋದ ಗೆಳೆಯನನ್ನು ಒಂದು ಸಲ ಪರದೆ ಮೇಲೆ ನಿಲ್ಲಿಸಬೇಕು ಅಂತ ಒಬ್ಬ ಮನುಷ್ಯ ಪಟ್ಟ ಪಾಡು ಕಾಣಿಸುತ್ತದೆ. ನಮ್ಮ ಕಾಕು ಕಣ್ಣೊರೆಸಿಕೊಂಡರು.

ಇಷ್ಟು ಆದಮೇಲೆ ಎರಡು ಸಿನಿಮಾ ಬೇರೆ ಜಾತಿಯವು. 1974ರ 'ಡಾರ್ಕ್ ಸ್ಟಾರ್' ಮೊದಲು ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒ'ಬ್ಯಾನನ್ ಕಾಲೇಜಿನಲ್ಲಿದ್ದಾಗ ಶುರು ಮಾಡಿದ ಸಣ್ಣ ಸಿನಿಮಾ, ಆಮೇಲೆ ಬೆಳೆಸಿದ್ದು. ಅದರಲ್ಲಿ ಅನ್ಯಗ್ರಹದ ಪ್ರಾಣಿ ಅಂದರೆ ಕಾಲು ಅಂಟಿಸಿದ ಒಂದು ಬೀಚ್ ಬಾಲ್. ಬಾಹ್ಯಾಕಾಶ ಹಡಗಿನೊಳಗೆ ಮನುಷ್ಯ ಆ ಚೆಂಡಿನ ಹಿಂದೆ ಓಡುತ್ತಾನೆ. ಐದು ವರ್ಷದ ನಂತರ ಅದೇ ಒ'ಬ್ಯಾನನ್ 'ಏಲಿಯನ್'ನ ಚಿತ್ರಕಥೆ ಬರೆದರು. ಅಲ್ಲೂ ಹಡಗಿನೊಳಗೆ ಒಂದು ಪ್ರಾಣಿ, ಹಿಂದೆ ಮುಂದೆ ಮನುಷ್ಯರು, ಆದರೆ ಈ ಸಲ ಜಗತ್ತೇ ಹೆದರಿತು. ಇನ್ನೊಂದು 1962ರ ಫ್ರೆಂಚ್ ಸಿನಿಮಾ 'ಲ ಜೆಟೀ'. 28 ನಿಮಿಷ. ಕಾಲಯಾನದ ಕಥೆ, ಆದರೆ ಬಹುತೇಕ ಬರೀ ಸ್ಟಿಲ್ ಫೋಟೋಗಳು. ಒಂದೇ ಒಂದು ಕಡೆ ಚಿತ್ರ ಕದಲುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ, ನೀವೇ ನೋಡಿ. ನಮ್ಮ ಹಾಲ್‌ನಲ್ಲಿ ಆ ಕ್ಷಣ ಎಲ್ಲರೂ ಉಸಿರು ಬಿಗಿಹಿಡಿದರು.

ನಮ್ಮ ದೇಶದವೂ ಇವೆ. ಎಂ.ಜಿ.ಆರ್. ನಟಿಸಿದ ತಮಿಳಿನ 'ಕಲೈ ಅರಸಿ' 1963ರಲ್ಲೇ ಅನ್ಯಗ್ರಹದವರನ್ನು ಭೂಮಿಗೆ ಇಳಿಸಿತ್ತು. ದಾರಾ ಸಿಂಗ್ ಅವರ 'ಚಾಂದ್ ಪರ್ ಚಢಾಯಿ' ಬಂದದ್ದು 1967ರಲ್ಲಿ, ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಡುವುದಕ್ಕೆ ಎರಡು ವರ್ಷ ಮೊದಲು.

3. ಪ್ರಿಂಟ್ ಹುಡುಕುವುದು

ಅಮೆರಿಕದಲ್ಲಿ 1964ಕ್ಕಿಂತ ಹಿಂದಿನ ಸಿನಿಮಾಗಳ ಹಕ್ಕನ್ನು (ಕಾಪಿರೈಟ್) 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಸಣ್ಣ ಕಂಪನಿಗಳು ಮುಚ್ಚಿಹೋಗಿದ್ದರಿಂದ ಎಷ್ಟೋ ಸಿನಿಮಾಗಳಿಗೆ ಅದು ಆಗಲೇ ಇಲ್ಲ. ಹಾಗಾಗಿ ಅವು ಎಲ್ಲರ ಸ್ವತ್ತಾದವು. 1960ರ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್', 1959ರ 'ದಿ ಕಿಲ್ಲರ್ ಶ್ರೂಸ್' ಇಂಥವು. ಹಳೆಯ ಸಿನಿಮಾಗಳನ್ನು ಪುಕ್ಕಟೆ ಇಡುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಎಲ್ಲ ಹಳೆಯ ಸಿನಿಮಾಗಳೂ ಹಾಗೇ ಅಂದುಕೊಳ್ಳಬೇಡಿ, ಒಂದೊಂದನ್ನೂ ನೋಡಿಕೊಂಡು ಹಾಕಿ. ಒಂದೇ ಸಿನಿಮಾದ ಮೂರ್ನಾಲ್ಕು ಪ್ರಿಂಟ್ ಇದ್ದರೆ ಪ್ರತಿಯೊಂದರ ಐದು ನಿಮಿಷ ಓಡಿಸಿ, ಕತ್ತಲ ದೃಶ್ಯದಲ್ಲಿ ಮುಖ ಕಾಣುವ ಪ್ರಿಂಟ್ ಆರಿಸಿಕೊಳ್ಳಿ.

ಪುಣೆಯಲ್ಲಿರುವವರಿಗೆ ಇನ್ನೊಂದು ಭಾಗ್ಯವಿದೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇಲ್ಲೇ ಲಾ ಕಾಲೇಜ್ ರಸ್ತೆಯಲ್ಲಿದೆ. ಹಳೆಯ ಸಿನಿಮಾ ಏನೇ ತೋರಿಸಿದರೂ ಒಂದು ಸಲ ಹೋಗಿ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಕಾಣದ ದಾರ ದೊಡ್ಡ ಪರದೆಯಲ್ಲಿ ಕಾಣುತ್ತದೆ.

4. ಹಾಲ್ ಸಿದ್ಧ ಮಾಡುವುದು

ಹೆಚ್ಚೇನು ಬೇಡ. ಬಿಳಿ ಬೆಡ್‌ಶೀಟನ್ನು ನೀರು ಚಿಮುಕಿಸಿ ಇಸ್ತ್ರಿ ಮಾಡಿ, ನಾಲ್ಕೂ ಮೂಲೆ ಬಿಗಿಯಾಗಿ ಎಳೆದು ಕಟ್ಟಿ. ಬಾಡಿಗೆ ಪ್ರೊಜೆಕ್ಟರ್ ಆದರೂ ನಡೆಯುತ್ತದೆ. ಸ್ಪೀಕರ್ ಮಾತ್ರ ಪರದೆಯ ಹತ್ತಿರವೇ ಇರಲಿ, ಈ ಸಿನಿಮಾಗಳ ಮಾತು ಮೊದಲೇ ಮಂದ. ಕುರುಕಲಿಗೆ ಗಿರಮಿಟ್ಟು, ಮಿರ್ಚಿ ಭಜಿ, ನಡುವೆ ಒಂದು ಚಹಾ.

5. ಹತ್ತು ನಿಮಿಷ ಹಿನ್ನೆಲೆ ಹೇಳಿ

ಸಿನಿಮಾ ಹಾಕುವ ಮುಂಚೆ ಯಾರಾದರೂ ಒಬ್ಬರು ಅದು ಹೇಗೆ ಹುಟ್ಟಿತು ಅಂತ ಹೇಳಬೇಕು. ಇದನ್ನು ಬಿಡಬೇಡಿ.

ಅಮೆರಿಕದಲ್ಲಿ ಆಗ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಕಾರಿನಲ್ಲೇ ಕುಳಿತು ನೋಡುವ ಡ್ರೈವ್-ಇನ್ ಥಿಯೇಟರುಗಳು 1950ರ ದಶಕದ ಕೊನೆಗೆ ಸುಮಾರು 4,000 ಇದ್ದವು. ಅಷ್ಟಕ್ಕೂ ವಾರ ವಾರ ಹೊಸ ಸರಕು ಬೇಕು. ಹಾಗಾಗಿ ಇವುಗಳ ಉದ್ದ 60ರಿಂದ 80 ನಿಮಿಷ, ಶೂಟಿಂಗ್ ಒಂದು ವಾರ, ಹತ್ತು ದಿನ. ನಿರ್ದೇಶಕ ರೋಜರ್ ಕಾರ್ಮನ್ ಅವರಂತೂ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' ಸಿನಿಮಾದ ಹೆಚ್ಚಿನ ಭಾಗವನ್ನು ಎರಡು ಹಗಲು ಒಂದು ರಾತ್ರಿಯಲ್ಲಿ ತೆಗೆದರು, ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಕೆಡವುವ ಮುಂಚೆ. ಕೆಲವು ಕಂಪನಿಗಳು ಮೊದಲು ಹೆಸರು ಮತ್ತು ಪೋಸ್ಟರ್ ಮಾಡಿಸಿ, ಅದಕ್ಕೆ ಥಿಯೇಟರಿನವರು ಹೂಂ ಅಂದಮೇಲೆ ಕಥೆ ಬರೆಸುತ್ತಿದ್ದವು. ಅದಕ್ಕೇ ಪೋಸ್ಟರ್ ನೋಡಿ ಸಿನಿಮಾ ಆರಿಸಬೇಡಿ. ಪೋಸ್ಟರಿನ ರಾಕ್ಷಸ ಅರ್ಧ ಊರು ತುಳಿಯುತ್ತಿರುತ್ತಾನೆ, ಸಿನಿಮಾದಲ್ಲಿ ಒಂದು ಬಾಗಿಲೂ ಮುರಿಯುವುದಿಲ್ಲ.

6. ನೋಡುವಾಗ ಕಣ್ಣಿಡಬೇಕಾದ್ದು

ನೆರಳು ನೋಡಿ. ರಾತ್ರಿ ಶೂಟಿಂಗಿಗೆ ಲೈಟು, ಜನರೇಟರ್, ಹೆಚ್ಚು ಕೂಲಿ ಬೇಕು. ಅದಿಲ್ಲದವರು ಹಗಲಲ್ಲೇ ತೆಗೆದು, ಲೆನ್ಸಿಗೆ ಬೆಳಕು ಕಡಿಮೆ ಬಿಟ್ಟು ರಾತ್ರಿ ಅನ್ನುತ್ತಿದ್ದರು. ಆದರೆ ನೆಲದ ಮೇಲೆ ಮಟಮಟ ಮಧ್ಯಾಹ್ನದ ಚೂಪು ನೆರಳು ಬಿದ್ದಿರುತ್ತದೆ. ಒಳ್ಳೆಯ ಛಾಯಾಗ್ರಾಹಕ ಆಕಾಶ ಕಾಣದಂತೆ ಕ್ಯಾಮೆರಾ ಇಡುತ್ತಾನೆ. 'ಪ್ಲಾನ್ 9'ರಲ್ಲಿ ಒಂದೇ ಓಟದಲ್ಲಿ ಹಗಲು ರಾತ್ರಿ ಅದಲು ಬದಲಾಗುತ್ತದೆ.

ನೀರು, ಬೆಂಕಿ, ಹೊಗೆ ನೋಡಿ. ಮಾದರಿ ಹಡಗನ್ನು ಎಷ್ಟು ಚೆನ್ನಾಗಿ ಮಾಡಿದರೂ ನೀರಿನ ಹನಿಯನ್ನು ಸಣ್ಣದು ಮಾಡಲಾಗುವುದಿಲ್ಲ. ಹಡಗಿನ ಪಕ್ಕ ತೆಂಗಿನಕಾಯಿ ಗಾತ್ರದ ಹನಿ ಎದ್ದರೆ ಮುಗಿಯಿತು, ಅದು ಟಬ್ಬು ಅಂತ ಗೊತ್ತಾಗಿಬಿಡುತ್ತದೆ.

ಬೀಳುವ ವೇಗ ನೋಡಿ. ನನಗೆ ತುಂಬಾ ಇಷ್ಟವಾದ ವಿಷಯ ಇದು. ಸಣ್ಣ ಗೋಪುರ ದೊಡ್ಡದಕ್ಕಿಂತ ಬೇಗ ನೆಲ ಮುಟ್ಟುತ್ತದೆ, ಹಾಗಾಗಿ ಆಟಿಕೆಯ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ಸೆಕೆಂಡಿಗೆ ಹೆಚ್ಚು ಫ್ರೇಮ್ (ಬಿಡಿ ಚಿತ್ರ) ಬರುವಂತೆ ಕ್ಯಾಮೆರಾವನ್ನು ಜೋರಾಗಿ ಓಡಿಸಿ, ತೋರಿಸುವಾಗ ನಿಧಾನ ಮಾಡುತ್ತಾರೆ. ಲೆಕ್ಕ ಸುಲಭ. ಮಾದರಿ ನಿಜವಾದದ್ದರ 25ನೇ ಒಂದು ಪಾಲು ಇದ್ದರೆ 25ರ ವರ್ಗಮೂಲ 5, ಅಂದರೆ ಐದು ಪಟ್ಟು ನಿಧಾನ ಬೇಕು. ಸೆಕೆಂಡಿಗೆ 24ರ ಬದಲು 120 ಫ್ರೇಮ್. ಫಿಲ್ಮ್ ರೀಲೂ ಐದು ಪಟ್ಟು ಖರ್ಚು, ಬಡ ನಿರ್ಮಾಪಕನಿಗೆ ಅಲ್ಲೇ ಕೈ ಕಟ್ಟುತ್ತಿತ್ತು. ಹಾಗಾಗಿ ಈ ಸಿನಿಮಾಗಳಲ್ಲಿ ಕಟ್ಟಡ ಪಟ್ಟನೆ ಬೀಳುತ್ತದೆ.

ಜಾಗ ನೋಡಿ. 'ರೋಬಾಟ್ ಮಾನ್‌ಸ್ಟರ್'ನ ಬೋಳು ಗುಡ್ಡ ಮತ್ತು ಗುಹೆ ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕ್ಯಾನ್ಯನ್, ಒಂದು ಹಳೆಯ ಕಲ್ಲುಗಣಿ. ಎಷ್ಟು ಸಿನಿಮಾಗಳಲ್ಲಿ ಬಂದಿದೆಯೋ! ಎರಡು ಮೂರು ಸಿನಿಮಾ ನೋಡಿದ ಮೇಲೆ ಮಕ್ಕಳೇ "ಅದೇ ಗುಹೆ ಬಂತು" ಅಂತ ಕೂಗುತ್ತಾರೆ. ಕೂಗಲಿ ಬಿಡಿ.

ಕೊನೆಯದಾಗಿ ನಟರ ಕಣ್ಣು ನೋಡಿ. 1957ರ 'ದಿ ಜಯಂಟ್ ಕ್ಲಾ'ದಲ್ಲಿ ದೈತ್ಯ ಹಕ್ಕಿಯ ಗೊಂಬೆಯನ್ನು ಆಮೇಲೆ ಸೇರಿಸಿದರು. ನಟಿಸುವಾಗ ಅದು ಹೇಗಿರುತ್ತದೆ ಅಂತ ನಾಯಕ ಜೆಫ್ ಮಾರೋ ಅವರಿಗೆ ಗೊತ್ತೇ ಇರಲಿಲ್ಲ. ಉದ್ದ ಕತ್ತಿನ, ಜುಟ್ಟು ಕೆದರಿದ ಆ ಗೊಂಬೆ ನೋಡಿದರೆ ಹೆದರಿಕೆ ಬರುವುದು ಕಷ್ಟ. ಆದರೆ ಖಾಲಿ ಆಕಾಶ ನೋಡಿ ಆ ಮನುಷ್ಯ ಎಷ್ಟು ನಂಬಿ ಹೆದರುತ್ತಾನೆ! ನನ್ನ ಮಟ್ಟಿಗೆ ಈ ಸಿನಿಮಾಗಳ ಚೆಲುವು ಇರುವುದೇ ಅಲ್ಲಿ.

7. ಕ್ಷಮಿಸಬಾರದ್ದು

ಈಗ ಮನಸ್ಸಿಲ್ಲದೆ ಆದ ತಪ್ಪುಗಳು. ಇವಕ್ಕೂ ಬಜೆಟ್ಟಿಗೂ ಸಂಬಂಧವಿಲ್ಲ.

ಹೆಂಗಸರನ್ನು ತೋರಿಸುವ ರೀತಿ ತುಂಬಾ ಕಡೆ ಕೆಟ್ಟದಾಗಿದೆ. ವಿಜ್ಞಾನಿ ಅಂತ ಪರಿಚಯಿಸುತ್ತಾರೆ, ಎರಡನೇ ದೃಶ್ಯದಲ್ಲಿ ಕಾಫಿ ತರಲು ಕಳಿಸುತ್ತಾರೆ, ಮೂರನೆಯದರಲ್ಲಿ ಎಡವಿ ಬೀಳಿಸುತ್ತಾರೆ. ನಾನು ಅಷ್ಟು ಮೆಚ್ಚುವ 'ಪ್ಲಾನ್ 9'ರಲ್ಲೇ ಹೆಂಗಸರಿರುವುದು ಹೆರಲಿಕ್ಕೆ, ಗಂಡಸರ ಯುದ್ಧಕ್ಕಲ್ಲ ಅನ್ನುವ ಅರ್ಥದ ಮಾತಿದೆ. ಒಳ್ಳೆಯ ಮಾತು ಬರೆಯಲು ಒಂದು ರೂಪಾಯಿಯೂ ಜಾಸ್ತಿ ಬೇಕಿರಲಿಲ್ಲ ಅಲ್ವಾ? ಮಕ್ಕಳು ಜೊತೆಗಿದ್ದರೆ ಅಲ್ಲೇ ನಿಲ್ಲಿಸಿ ಮಾತಾಡಿ. ದ್ವೀಪದ, ಕಾಡಿನ ಜನರನ್ನು ಮೂಢರಂತೆ ತೋರಿಸುವಲ್ಲೂ ಅಷ್ಟೇ.

ಪ್ರಾಣಿಗಳ ವಿಷಯ ಇನ್ನೂ ನೋವಿನದು. 1940ರ ಒಂದು ಸಿನಿಮಾಕ್ಕೆ ಜೀವಂತ ಪ್ರಾಣಿಗಳಿಗೆ ವೇಷ ಹಾಕಿ ಡೈನೋಸಾರ್ ಅಂತ ಕಾದಾಡಿಸಿದ್ದರು. ಆ ತುಣುಕನ್ನೇ ಎಷ್ಟೋ ಬಡ ಸಿನಿಮಾಗಳು ಮತ್ತೆ ಮತ್ತೆ ಬಳಸಿದವು, 'ರೋಬಾಟ್ ಮಾನ್‌ಸ್ಟರ್' ಕೂಡ. ನಮ್ಮ ಮನೆಯಲ್ಲಿ ಆ ಭಾಗ ನೋಡದೆ ಮುಂದೆ ದಾಟಿಸಿಬಿಡುತ್ತೇವೆ.

ಇನ್ನು ನಡುವಿನ ಇಪ್ಪತ್ತು ನಿಮಿಷ. ಇಬ್ಬರು ಕೋಟು ಹಾಕಿಕೊಂಡು ಆಫೀಸಿನಲ್ಲಿ ನಿಂತು ಮಾತಾಡುತ್ತಾರೆ, ಕಾರು ಬರುತ್ತದೆ, ಕಾರು ಹೋಗುತ್ತದೆ. ಉದ್ದ ತುಂಬಿಸಲು ಮಾಡಿದ್ದು. ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಚಹಾಕ್ಕೆ ಇದೇ ಸರಿಯಾದ ಹೊತ್ತು.

8. ನೀವೇ ಒಂದು ತಟ್ಟೆ ಹಾರಿಸಿ

ನಾಲ್ಕೈದು ಸಿನಿಮಾ ಆದಮೇಲೆ ಇದನ್ನು ಖಂಡಿತ ಮಾಡಿ. ಒಂದು ಭಾನುವಾರ ಸಾಕು.

ಬೇಕಾದ್ದು: ಊಟದ ಎರಡು ಸ್ಟೀಲ್ ತಟ್ಟೆ, ಮೇಲಿನ ಗುಮ್ಮಟಕ್ಕೆ ಒಂದು ಸಣ್ಣ ಬಟ್ಟಲು, ಟೇಪು, ಕಪ್ಪು ಹೊಲಿಗೆ ದಾರ, ಒಂದು ಕೋಲು, ಟಾರ್ಚು, ಮೊಬೈಲು. ಮನೆಯ ತಟ್ಟೆ ಕೊಡಲು ಮನಸ್ಸಿಲ್ಲದಿದ್ದರೆ ಪುಣೆಯ ಪೇಟೆ ತುಳಶಿಬಾಗ್‌ನಲ್ಲಿ ಸಣ್ಣವು ಸಿಗುತ್ತವೆ. ಎರಡೂ ತಟ್ಟೆಗಳನ್ನು ಬಾಯಿಗೆ ಬಾಯಿ ಇಟ್ಟು ಅಂಚಿಗೆ ಟೇಪು ಹಚ್ಚಿ. ದಾರ ಒಂದಲ್ಲ, ಮೂರು ಕಟ್ಟಿ, ಅಂಚಿನಲ್ಲಿ ಸಮ ದೂರಕ್ಕೆ. ಒಂದೇ ದಾರವಾದರೆ ಬುಗುರಿಯಂತೆ ತಿರುಗುತ್ತದೆ. ದಾರದ ಮೇಲೆ ನೇರ ಬೆಳಕು ಬೀಳದಂತೆ ಟಾರ್ಚನ್ನು ಕೆಳಗಿನಿಂದ ಹಿಡಿಯಿರಿ. ಇನ್ನೂ ದಾರ ಕಂಡರೆ ಹಳೆಯ ಕುಶಲಿಗಳ ಉಪಾಯ ಮಾಡಿ: ತಟ್ಟೆಯನ್ನು ತಲೆಕೆಳಗಾಗಿ ತೂಗಿಬಿಟ್ಟು ತೆಗೆದು, ಆಮೇಲೆ ವಿಡಿಯೋವನ್ನೇ ತಲೆಕೆಳಗು ತಿರುಗಿಸಿ. ಆಗ ದಾರ ತಟ್ಟೆಯ ಕೆಳಗೆ ಬರುತ್ತದೆ. ನೋಡುವವರ ಕಣ್ಣು ದಾರವನ್ನು ಮೇಲೇ ಹುಡುಕುತ್ತದೆ.

ಮೊಬೈಲಿನ ಸ್ಲೋ ಮೋಷನ್ 120 ಫ್ರೇಮಿಗೆ ಇಡಿ. ಆಗಿನವರಿಗೆ ಕೈಗೆಟುಕದಿದ್ದದ್ದು ನಿಮಗೆ ಪುಕ್ಕಟೆ ಸಿಕ್ಕಿದೆ. ಕ್ಯಾಮೆರಾ ನೆಲಕ್ಕೆ ಹತ್ತಿರ ಇರಲಿ. ತಟ್ಟೆ ಕ್ಯಾಮೆರಾಕ್ಕೆ ಹತ್ತಿರ, ಮನುಷ್ಯರು ದೂರ ನಿಂತರೆ ತಟ್ಟೆ ಮನೆಯಷ್ಟು ದೊಡ್ಡದಾಗಿ ಕಾಣುತ್ತದೆ. ನಾವು ಬೆಳಿಗ್ಗೆ ಬೇಗ ಪುಣೆಯ ಗುಡ್ಡ ವೇತಾಳ ಟೇಕಡಿಗೆ ಹೋದೆವು. ಅಲ್ಲೂ ಹಳೆಯ ಕಲ್ಲುಗಣಿಯಿದೆ, ನಮ್ಮ ಬ್ರಾನ್ಸನ್ ಕ್ಯಾನ್ಯನ್ ಅದೇ. ಗಣಿಯ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಕಸ ವಾಪಸ್ ತನ್ನಿ, ಗಾಳಿ ಏಳುವ ಮೊದಲೇ ಮುಗಿಸಿ. ಹತ್ತು ಗಂಟೆಯ ಮೇಲೆ ನಮ್ಮ ತಟ್ಟೆ ಒಂದು ಕಡೆ ನಿಲ್ಲಲೇ ಇಲ್ಲ.

ಕೋಲು ಹಿಡಿದವರು ಗದಗದ ಕಾಕಾ. ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಂಡೆಯ ಹಿಂದೆ ಕುಳಿತು, ಕೈ ನಡುಗದಂತೆ ಮೊಣಕೈಯನ್ನು ಮೊಣಕಾಲಿಗೆ ಊರಿ, ಉಸಿರು ಬಿಡುತ್ತ ನಿಧಾನ ಇಳಿಸಿದರು. 40 ಸೆಕೆಂಡಿನ ದೃಶ್ಯಕ್ಕೆ 17 ಸಲ ತೆಗೆದೆವು. ಹದಿನೇಳನೆಯದರಲ್ಲೂ ಕೊನೆಗೆ ದಾರ ಒಂದು ಕ್ಷಣ ಹೊಳೆಯಿತು. ಮಕ್ಕಳು ಅದನ್ನೇ ಇಟ್ಟುಕೊಂಡರು.

ತಟ್ಟೆಗೆ ಹತ್ತಿದ ಟೇಪಿನ ಅಂಟು ಸೋಪಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಿಂದ ಉಜ್ಜಿ ತೊಳೆಯಿರಿ. ಸಂಜೆ ಊಟಕ್ಕೆ ಅದೇ ತಟ್ಟೆ ಬಳಸಬಹುದು.